ಹಸಿರು ಎಲೆ ಇರೋ ಸೀಲು: ನಮ್ಮ ಆಫೀಸಿನ ಒಂದು ಖರೀದಿ ಪ್ರಕರಣ

ಆಫೀಸು ಬೇರೆ ಬಿಲ್ಡಿಂಗಿಗೆ ಹೋಯ್ತು, ಅಡ್ರೆಸ್ ಬದಲಾಯ್ತು, ಅಡ್ರೆಸ್ ಇರೋ ಸೀಲೆಲ್ಲ ಒಂದೇ ದಿನಕ್ಕೆ ಕೆಲಸಕ್ಕೆ ಬಾರದ ಹಾಗಾಯ್ತು. ಸೆಕ್ಷನ್ ಸೆಕ್ಷನ್ನಿಂದ ಲಿಸ್ಟ್ ತರಿಸಿದ್ರೆ ಒಟ್ಟು 32 ಸೀಲು ಬೇಕು ಅಂತ ಬಂತು. ಅದೇ ಹೊತ್ತಿಗೆ ಮೇಲಿಂದ ಒಂದು ಮೇಲ್ ಬೇರೆ, ಇನ್ಮೇಲೆ ಸ್ಟೇಷನರಿ ಎಲ್ಲ ಪರಿಸರಸ್ನೇಹಿ ಆಗಿರ್ಬೇಕು, ಯಾವ ಸಾಮಾನಿಗೆ ಯಾವ ಇಕೋಲೇಬಲ್ (ಪರಿಸರಕ್ಕೆ ಒಳ್ಳೇದು ಅನ್ನೋ ಗುರುತು) ಇದೆ ಅಂತ ಫಾರಂ ತುಂಬಿ ಕಳಿಸ್ಬೇಕು ಅಂತ. ಈ ಕೆಲಸ ನನ್ನ ತಲೆಗೇ ಯಾಕೆ ಕಟ್ಟಿದ್ರು ಅಂದ್ರೆ, ಯಾವತ್ತೋ ಒಂದಿನ ಪ್ರಿಂಟರ್ ಹತ್ರ ನಿಂತು ಒಂದೇ ಮಗ್ಗುಲಿಗೆ ಪ್ರಿಂಟ್ ಹೊಡೀತಿದ್ದವರ ಮೇಲೆ ರೇಗಾಡಿದ್ದೆ. ಅಷ್ಟೇ ನನ್ನ ಕ್ವಾಲಿಫಿಕೇಶನ್ನು.

ಮೂರು ಕೊಟೇಶನ್ ಬಂದ್ವು. ಮೊದಲನೇದು ಮರದ ಹಿಡಿ ಇರೋ ರಬ್ಬರ್ ಸೀಲು, ಬಾಕ್ಸ್ ಮೇಲೆ ಅಂಗೈ ಅಗಲ ಹಸಿರು ಎಲೆ, ಪಕ್ಕದಲ್ಲಿ "100% ನೈಸರ್ಗಿಕ, ಮಣ್ಣಲ್ಲಿ ಮಣ್ಣಾಗುತ್ತೆ" ಅಂತ ಬರಹ. ಎರಡನೇದು ಒತ್ತಿದ್ರೆ ತಾನೇ ಇಂಕ್ ಹಚ್ಕೊಳ್ಳೋ ಸೆಲ್ಫ್ ಇಂಕಿಂಗ್ ಸೀಲು, ರೀಸೈಕಲ್ಡ್ ಪ್ಲಾಸ್ಟಿಕ್ಕಿಂದು, ಮೇಲಾಗಿ ಕ್ಲೈಮೇಟ್ ನ್ಯೂಟ್ರಲ್ ಅಂತೆ. ಮೂರನೇದೂ ಸೆಲ್ಫ್ ಇಂಕಿಂಗೇ, ರೇಟು ಕಮ್ಮಿ, ಬಾಕ್ಸ್ ಮೇಲೆ ಏನೂ ಇಲ್ಲ, ಕೇಳಿದ್ರೆ "ಕಂಪನಿಗೆ ಐಎಸ್‌ಒ ಸರ್ಟಿಫಿಕೇಟ್ ಇದೆ ಸರ್, ಎನ್ವಿರಾನ್‌ಮೆಂಟಿಂದೇ" ಅಂದ್ರು. ನಾನು ಮೊದಲ್ನೇ ದಿನಾನೇ ಮರದ್ದು ತಗೊಳ್ಳೋಣ ಅಂತ ಮನಸ್ಸಲ್ಲೇ ಫೈನಲ್ ಮಾಡ್ಬಿಟ್ಟಿದ್ದೆ. ಮರ, ರಬ್ಬರು, ಎಲೆ ಚಿತ್ರ, ಇನ್ನೇನ್ ಬೇಕು.

ತಡೆದಿದ್ದು ಟಪಾಲು ನೋಡ್ಕೊಳ್ಳೋ ಮೇಡಂ. "ಹೊಸದು ತರ್ಸಿ ಸರ್, ಆದ್ರೆ ಇದನ್ನೇನ್ ಮಾಡ್ಲಿ ಹೇಳಿ" ಅಂತ ತಮ್ಮ ಟೇಬಲ್ಲಿನ ಕೆಳಗಿನ ಡ್ರಾಯರ್ ಎಳೆದ್ರು, ಅದು ಪೂರ್ತಿ ಹೊರಗೂ ಬರ್ಲಿಲ್ಲ, ಅಷ್ಟು ತುಂಬಿತ್ತು. ಎಲ್ಲ ಟೇಬಲ್ ಮೇಲೆ ಸುರಿದು ಎಣಿಸಿದ್ವಿ, 41 ಹಳೇ ಸೀಲು, ಎಲ್ಲವೂ ಸೆಲ್ಫ್ ಇಂಕಿಂಗೇ. ಯಾಕೆ ಮೂಲೆ ಸೇರಿದ್ವು ಅಂತ ಒಂದೊಂದನ್ನೇ ಹಾಳೆ ಮೇಲೆ ಒತ್ತಿ ನೋಡ್ತಾ ಗುಂಪು ಮಾಡಿದ್ವಿ. ಅಡ್ರೆಸ್ಸೋ ಫೋನ್ ನಂಬರೋ ಬದಲಾಗಿದ್ದಕ್ಕೆ ಬಿಸಾಕಿದ್ದು 17. ಸೀಲಲ್ಲಿ ಹೆಸರಿದ್ದ ಆಫೀಸರ್ ವರ್ಗಾವಣೆ ಆಗಿಯೋ ರಿಟೈರ್ ಆಗಿಯೋ ಹೋಗಿದ್ದಕ್ಕೆ 9. ಪ್ಯಾಡ್ ಒಣಗಿದೆ ಅನ್ನೋ ಒಂದೇ ಕಾರಣಕ್ಕೆ 8. ಡೇಟ್ ಸೀಲಿನ ವರ್ಷದ ಪಟ್ಟಿ ಮುಗಿದು ಹೋಗಿದ್ದು 3. ಸ್ಪ್ರಿಂಗ್ ಮುರಿದೋ ಕೈಜಾರಿ ಬಿದ್ದು ಒಡೆದೋ ನಿಜವಾಗ್ಲೂ ಕೆಟ್ಟಿದ್ದು ಬರೀ 4.

ಅಂದ್ರೆ 41ರಲ್ಲಿ 34 ಸೀಲಿನ ಮೈಗೆ ಏನೂ ಆಗಿಲ್ಲ. ಪ್ಯಾಡ್ ಒಣಗಿದ ಆ ಎಂಟನ್ನ ನೋಡಿ ನನಗೆ ನಾಚಿಕೆ ಆಯ್ತು, ಯಾಕಂದ್ರೆ ಅದರಲ್ಲಿ ಎರಡು ನಂದೇ.

ಸೆಲ್ಫ್ ಇಂಕಿಂಗ್ ಸೀಲು ಹೇಗಿರತ್ತೆ ಅಂತ ತುಂಬ ಜನ ಬಿಚ್ಚಿ ನೋಡಿರಲ್ಲ, ನಾನೂ ನೋಡಿರಲಿಲ್ಲ. ಅರ್ಧ ಒತ್ತಿ ಹಿಡ್ಕೊಂಡು ಎರಡೂ ಪಕ್ಕದ ಸಣ್ಣ ಗುಂಡಿ ಅದುಮಿದ್ರೆ ಅದು ಅಲ್ಲೇ ಲಾಕ್ ಆಗತ್ತೆ, ಆಮೇಲೆ ಪ್ಯಾಡು ಡ್ರಾಯರ್ ಥರ ಒಂದು ಕಡೆಯಿಂದ ಜಾರ್ಕೊಂಡು ಹೊರಗೆ ಬರತ್ತೆ. ಅಕ್ಷರ ಇರೋ ರಬ್ಬರು ಒಂದು ಸಣ್ಣ ತಟ್ಟೆ ಮೇಲೆ ಅಂಟಿಸಿರ್ತಾರೆ, ಸುಮ್ನಿದ್ದಾಗ ಅದು ಮೇಲ್ಮುಖವಾಗಿ ಪ್ಯಾಡಿಗೆ ಒರಗಿರತ್ತೆ, ಒತ್ತಿದಾಗ ಮಗುಚ್ಕೊಂಡು ಕಾಗದಕ್ಕೆ ಬರತ್ತೆ. ಉಗುರಿಂದ ಮೀಟಿದ್ರೆ ಆ ರಬ್ಬರ್ ಹಾಳೆ ಕಿತ್ಕೊಂಡ್ ಬರತ್ತೆ. ಎರಡು ಮೂರು ಮಿಲಿಮೀಟರ್ ದಪ್ಪ, ಎರಡು ಬೆರಳಗಲ. ನಮ್ಮ ಅಡ್ರೆಸ್ ಬದಲಾದಾಗ ಬದಲಾಗಬೇಕಾಗಿದ್ದು ಇಷ್ಟೇ. ಇದಕ್ಕೋಸ್ಕರ ಇಷ್ಟು ವರ್ಷ ಸ್ಪ್ರಿಂಗು, ಪ್ಲಾಸ್ಟಿಕ್ಕು, ಪ್ಯಾಡು ಎಲ್ಲ ಸೇರಿಸಿ ಎಸೀತಿದ್ವಿ.

ಹಾಗಂತ ಲೇಬಲ್ ವಿಷಯ ಬಿಡೋ ಹಾಗಿರಲಿಲ್ಲ, ಫಾರಂ ತುಂಬಬೇಕಲ್ಲ. ಒಂದೊಂದೇ ಬಾಕ್ಸ್ ತಿರುಗಿಸಿ ನೋಡೋಕೆ ಕೂತೆ.

ಮರದ ಸೀಲಿನ ಬಾಕ್ಸಿನ ಕೆಳಗೆ ಸಣ್ಣದಾಗಿ ಟಿಕ್ ಮಾರ್ಕ್ ಸೇರಿರೋ ಮರದ ಚಿಹ್ನೆ ಇತ್ತು, ಎಫ್‌ಎಸ್‌ಸಿದು. 1993ರಲ್ಲಿ ಶುರುವಾದ ಸಂಸ್ಥೆ, ಕಾಡನ್ನ ಸರಿಯಾಗಿ ನೋಡ್ಕೊಂಡು ತಂದ ಮರ ಅಂತ ಹೇಳೋ ಲೇಬಲ್ಲು, ಒಳ್ಳೇದೇ. ನನಗೆ ಖುಷಿ ಆಯ್ತು. ಆ ಚಿಹ್ನೆ ಜೊತೆ ಒಂದು ಲೈಸೆನ್ಸ್ ನಂಬರ್ ಇರತ್ತೆ, ಸಿ ಅಕ್ಷರ ಆದ್ಮೇಲೆ ಆರು ಅಂಕಿ, ಅದನ್ನ ಎಫ್‌ಎಸ್‌ಸಿ ವೆಬ್‌ಸೈಟಲ್ಲಿ ಹಾಕಿದ್ರೆ ಯಾರಿಗೆ ಕೊಟ್ಟಿದ್ದು ಅಂತ ಗೊತ್ತಾಗತ್ತೆ. ಹಾಕಿದೆ. ರಟ್ಟಿನ ಡಬ್ಬ ಮಾಡೋ ಕಂಪನಿ ಹೆಸರು ಬಂತು! ಅಂದ್ರೆ ಲೇಬಲ್ ಇದ್ದಿದ್ದು ಬಾಕ್ಸಿಗೆ, ಒಳಗಿನ ಮರದ ಹಿಡಿಗಲ್ಲ. ಯಾರೂ ಸುಳ್ಳು ಹೇಳಿಲ್ಲ ನೋಡಿ, ಬಾಕ್ಸ್ ಮೇಲೆ ಬಾಕ್ಸಿನ ಲೇಬಲ್ ಇದೆ. ನಾವು ಓದಿಕೊಂಡಿದ್ದು ಮಾತ್ರ ಬೇರೆ.

ಇನ್ನು ಆ ದೊಡ್ಡ ಹಸಿರು ಎಲೆ. ಅದರ ಕೆಳಗೆ ನಂಬರಿಲ್ಲ, ಸಂಸ್ಥೆ ಹೆಸರಿಲ್ಲ, ಬರೀ ಎಲೆ. ಮಣ್ಣಲ್ಲಿ ಮಣ್ಣಾಗುತ್ತೆ ಅಂದಿದ್ದು ಯಾವ್ದು, ಎಷ್ಟು ದಿನಕ್ಕೆ, ಎಂಥ ಜಾಗದಲ್ಲಿ ಅಂತ ಅಂಗಡಿಯವರಿಗೆ ಕೇಳಿದ್ರೆ "ಮರ ಅಲ್ವಾ ಸರ್" ಅಂದ್ರು. ಮರ ಸರಿ, ಅದರ ಮೇಲಿನ ವಾರ್ನಿಶ್ಶು? ಕೆಳಗಿನ ರಬ್ಬರು? ಸೀಲಿಗೆ ಬಳಸೋ ರಬ್ಬರು ಸಾಮಾನ್ಯವಾಗಿ ಗಂಧಕ ಸೇರಿಸಿ ಬಿಸಿ ಮಾಡಿ ಗಟ್ಟಿ ಮಾಡಿದ್ದು, ಹಾಗೆ ಮಾಡಿದಾಗ ರಬ್ಬರಿನ ಎಳೆ ಎಳೆಗೆ ಗಂಧಕದ ಬೆಸುಗೆ ಬೀಳತ್ತೆ, ಆಮೇಲೆ ಅದನ್ನ ಕರಗಿಸಿ ಇನ್ನೊಂದು ಮಾಡೋಕೂ ಆಗಲ್ಲ, ಮಣ್ಣಲ್ಲಿ ಕೊಳೆಯೋದೂ ಬಹಳ ನಿಧಾನ. ಹಳೇ ಟೈರ್ ಗುಡ್ಡೆಗಳು ಯಾಕೆ ಹಾಗೇ ಬಿದ್ದಿರ್ತವೆ ಅಂತ ಯೋಚಿಸಿದ್ರೆ ಸಾಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಗ್ರೀನ್ ಗೈಡ್ಸ್ ಅಂತ ಇದೆ, ಕಸಕ್ಕೆ ಹೋಗೋ ವಸ್ತುವಿನ ಮೇಲೆ ಯಾವ ಷರತ್ತೂ ಹೇಳದೆ ಕೊಳೆಯುತ್ತೆ ಅಂತ ಬರೀಬೇಕಾದ್ರೆ ಮಾಮೂಲಿಯಾಗಿ ಎಸೆದ ಒಂದು ವರ್ಷದೊಳಗೆ ಪೂರ್ತಿ ಕೊಳೀಬೇಕು ಅನ್ನತ್ತೆ ಅದು. ಆ ಅಳತೆಗೆ ಇಟ್ಟು ನೋಡಿದ್ರೆ ನನ್ನ ಎಲೆ ಅವತ್ತೇ ಉದುರಿ ಹೋಯ್ತು.

ಮೂರನೇ ಪಾರ್ಟಿಯ ಐಎಸ್‌ಒ ಸರ್ಟಿಫಿಕೇಟ್ ತರಿಸಿ ನೋಡಿದೆ, ಅಂತರರಾಷ್ಟ್ರೀಯ ಮಾನದಂಡ ಬರೆಯೋ ಐಎಸ್‌ಒ ಸಂಸ್ಥೆಯದ್ದು, ಐಎಸ್‌ಒ 14001. ಇದು ಫ್ಯಾಕ್ಟರಿಯವರು ಪರಿಸರದ ವಿಷಯಕ್ಕೆ ಒಂದು ವ್ಯವಸ್ಥೆ ಇಟ್ಕೊಂಡಿದ್ದಾರೆ, ಗುರಿ ಹಾಕ್ಕೊಂಡು ಲೆಕ್ಕ ಇಡ್ತಾರೆ ಅಂತ ಹೇಳತ್ತೆ ಅಷ್ಟೇ, ಸೀಲಿನ ಬಗ್ಗೆ ಒಂದಕ್ಷರ ಹೇಳಲ್ಲ. ಮನೆ ಲೆಕ್ಕ ನೀಟಾಗಿ ಬರೆಯೋರೆಲ್ಲ ಖರ್ಚು ಕಮ್ಮಿ ಮಾಡ್ತಾರೆ ಅಂತೇನಿಲ್ವಲ್ಲ, ಹಾಗೆ. ಅದೇ ಸೀಲನ್ನ ತಿರುಗಿಸಿದಾಗ ತಳದಲ್ಲಿ ಬಾಣದ ತ್ರಿಕೋನದೊಳಗೆ 7 ಅಂತ ಇತ್ತು, ನಮ್ಮ ಅಕೌಂಟ್ಸ್ ಹುಡುಗ "ಇಲ್ನೋಡಿ ಸರ್ ರೀಸೈಕಲ್ ಮಾರ್ಕು" ಅಂದ. ಅಲ್ಲ. ಅದು 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ತಂದ ಕೋಡು, ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳೋಕೆ ಮಾತ್ರ, ಅದರಲ್ಲೂ 7 ಅಂದ್ರೆ "ಇತರೆ". ಜನ ಹೀಗೇ ತಪ್ಪು ತಿಳ್ಕೋತಾರೆ ಅಂತ 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಮಾಡಿದ್ರು, ಹಳೇ ಅಚ್ಚುಗಳಲ್ಲಿ ಬಾಣ ಇನ್ನೂ ಓಡ್ತಾನೇ ಇದೆ. ಮೂರು ಬಾಣದ ಅಸಲಿ ರೀಸೈಕಲ್ ಚಿಹ್ನೆ ಇದ್ಯಲ್ಲ, 1970ರಲ್ಲಿ ಗ್ಯಾರಿ ಆಂಡರ್ಸನ್ ಅನ್ನೋ ವಿದ್ಯಾರ್ಥಿ ಒಂದು ಸ್ಪರ್ಧೆಗೆ ಬರೆದಿದ್ದು, ಅದಕ್ಕೂ ಯಾರ ಹಕ್ಕೂ ಇಲ್ಲ, ಯಾರು ಬೇಕಾದ್ರೂ ಪ್ರಿಂಟ್ ಮಾಡ್ಕೋಬಹುದು. ಯಾರೋ ಪರೀಕ್ಷೆ ಮಾಡಿ ಪಾಸ್ ಮಾಡಿದ್ರು ಅನ್ನೋದಕ್ಕೆ ಅದು ಸಾಕ್ಷಿಯಲ್ಲ.

ಇಷ್ಟೊತ್ತಿಗೆ ನನಗೆ ಒಂದು ಪಟ್ಟು ಸಿಕ್ಕಿತ್ತು. ಲೇಬಲ್ ಎದುರಿಗೆ ಬಂದ್ರೆ ಮೊದಲು ಕೇಳೋದು, ಈ ಮಾತು ಹೇಳ್ತಿರೋದು ಯಾರು. ಐಎಸ್‌ಒದವರೇ ಇದಕ್ಕೆ ಮೂರು ಜಾತಿ ಮಾಡಿದ್ದಾರೆ. ಮೊದಲ ಜಾತಿ ಐಎಸ್‌ಒ 14024, ಬೇರೆ ಸಂಸ್ಥೆ ಮಾನದಂಡ ಬರೆದು, ಕಚ್ಚಾ ಸಾಮಗ್ರಿಯಿಂದ ಕಸದವರೆಗೆ ಹಲವು ವಿಷಯ ನೋಡಿ, ಪಾಸಾದವರಿಗೆ ಮಾತ್ರ ಚಿಹ್ನೆ ಕೊಡೋದು. ಜರ್ಮನಿಯ ಬ್ಲೂ ಏಂಜೆಲ್ ಈ ಥರದ್ದು, 1978ರಿಂದ ಇದೆ, ಈ ಸಾಲಲ್ಲಿ ಜಗತ್ತಿಗೇ ಮೊದಲು. ಉತ್ತರ ಯುರೋಪಿನ ನಾರ್ಡಿಕ್ ಸ್ವಾನ್ 1989ರದ್ದು, ಯುರೋಪಿಯನ್ ಯೂನಿಯನ್ನಿನ ಹೂವಿನ ಲೇಬಲ್ 1992ರದ್ದು. ಎರಡನೇ ಜಾತಿ ಐಎಸ್‌ಒ 14021, ತಯಾರಕರು ತಾವೇ ಹೇಳ್ಕೊಳ್ಳೋದು, ಇಷ್ಟು ಪರ್ಸೆಂಟ್ ರೀಸೈಕಲ್ಡ್ ಅಂತೆಲ್ಲ. ಹೇಳ್ಕೊಂಡ ಮಾತ್ರಕ್ಕೆ ಸುಳ್ಳು ಅಂತಲ್ಲ, ಆದ್ರೆ ಕೇಳಿದವರಿಗೆ ಲೆಕ್ಕ ತೋರಿಸೋ ಹಾಗಿರ್ಬೇಕು. ಮೂರನೇದು ಐಎಸ್‌ಒ 14025, ಪಾಸು ಫೇಲು ಏನಿಲ್ಲ, ಬರೀ ಅಂಕಿಅಂಶದ ಪಟ್ಟಿ, ಓದಿ ಹೋಲಿಸಿ ನೋಡೋ ತಾಳ್ಮೆ ಇದ್ದವರಿಗೆ. ನನಗಿರಲಿಲ್ಲ.

ಬ್ಲೂ ಏಂಜೆಲ್‌ನಲ್ಲಿ ಪೆನ್ನು ಪೆನ್ಸಿಲ್ ಜೊತೆ ಸೀಲನ್ನೂ ಸೇರಿಸಿ ಮಾನದಂಡ ಇದೆ, ಡಿಇ-ಯುಝಡ್ 200 ಅಂತ. ನಮಗೆ ಬಂದ ಮೂರು ಕೊಟೇಶನ್ನಲ್ಲಿ ಒಂದಕ್ಕೂ ಅದು ಇರಲಿಲ್ಲ. ಹಾಗಾಗಿ ಎರಡನೇ ಜಾತಿಯ ಹೇಳಿಕೆಯನ್ನೇ ಕೆದಕಿ ನೋಡ್ಬೇಕಾಯ್ತು.

ಎರಡನೇ ಪಾರ್ಟಿಗೆ ಮೇಲ್ ಹಾಕಿದೆ. ನೀವು ಹೇಳೋ ರೀಸೈಕಲ್ಡ್ ಪರ್ಸೆಂಟು ಇಡೀ ಸೀಲಿನ ತೂಕದಲ್ಲೋ ಬರೀ ಪ್ಲಾಸ್ಟಿಕ್ ಮೈ ತೂಕದಲ್ಲೋ, ಜನ ಬಳಸಿ ಬಿಸಾಕಿದ್ದೋ ಫ್ಯಾಕ್ಟರಿಯಲ್ಲೇ ಉಳಿದ ತುಂಡೋ, ಹೊರಗಿನವರು ಯಾರಾದ್ರೂ ಚೆಕ್ ಮಾಡಿದ್ದಾರಾ. ಮಧ್ಯದ ಪ್ರಶ್ನೆ ಯಾಕೆ ಮುಖ್ಯ ಅಂದ್ರೆ, ಅಚ್ಚು ಹಾಕುವಾಗ ಉಳಿಯೋ ಚೂರುಪಾರು ಪುಡಿ ಮಾಡಿ ಅದೇ ಮೆಷಿನ್ನಿಗೆ ವಾಪಸ್ ಹಾಕೋದು ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ದಿನನಿತ್ಯದ ಕೆಲಸ, ದೋಸೆ ಹಿಟ್ಟು ಬಟ್ಟಲಿಗೆ ಅಂಟಿದ್ದನ್ನ ಬಳಿದು ಹಾಕಿದ ಹಾಗೆ. ಅದನ್ನ ರೀಸೈಕಲ್ಡ್ ಅಂತ ಎಣಿಸೋ ಹಾಗಿಲ್ಲ ಅಂತ ಐಎಸ್‌ಒ 14021ರಲ್ಲೇ ಇದೆ. ಉತ್ತರ ಎರಡು ದಿನಕ್ಕೆ ಬಂತು, ಆಶ್ಚರ್ಯ ಅಂದ್ರೆ ನೇರವಾಗಿತ್ತು. ಪರ್ಸೆಂಟು ಪ್ಲಾಸ್ಟಿಕ್ ಮೈಗೆ ಮಾತ್ರ, ಸ್ಪ್ರಿಂಗು ಪ್ಯಾಡು ರಬ್ಬರು ಲೆಕ್ಕಕ್ಕಿಲ್ಲ, ಜನ ಬಳಸಿದ್ದೇ, ಹೊರಗಿನವರ ಪರಿಶೀಲನೆ ಪತ್ರ ಲಗತ್ತಿಸಿದೆ, ಕಪ್ಪು ಮಾಡೆಲ್ಲಿಗೆ ಮಾತ್ರ ಅನ್ವಯ. ಕಪ್ಪು ಯಾಕೆ ಅನ್ನೋದು ಸುಲಭ, ನಾನಾ ಬಣ್ಣದ ಹಳೇ ಪ್ಲಾಸ್ಟಿಕ್ ಕಲಸಿದ್ರೆ ಮಂಕು ಬೂದಿ ಬಣ್ಣ ಬರತ್ತೆ, ಅದನ್ನ ಮುಚ್ಚೋಕೆ ಕಪ್ಪೇ ಗತಿ. ನಮ್ಮಲ್ಲಿ ಸೆಕ್ಷನ್ನಿಗೊಂದು ಬಣ್ಣ ಬೇಕು ಅಂತ ಲಿಸ್ಟಲ್ಲಿ ಬರೆದಿದ್ರು, ಕೆಂಪು ಸೀಲಿಗೋಸ್ಕರ ಹೊಸ ಪ್ಲಾಸ್ಟಿಕ್ ಕೊಳ್ಳೋದಾ? ತಲೆ ಮೇಲೊಂದು ಬಣ್ಣದ ಚುಕ್ಕಿ ಅಂಟಿಸಿದ್ರಾಯ್ತು ಅಂದೆ, ಒಪ್ಪಿದ್ರು.

ಕ್ಲೈಮೇಟ್ ನ್ಯೂಟ್ರಲ್ ಮಾತನ್ನ ಮಾತ್ರ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಎಷ್ಟು ಹೊಗೆ ಬಿಟ್ವಿ ಅಂತ ಲೆಕ್ಕ ಹಾಕಿ, ಅಷ್ಟಕ್ಕೆ ಬೇರೆ ಎಲ್ಲೋ ಗಿಡ ನೆಡೋರಿಗೋ ಒಲೆ ಹಂಚೋರಿಗೋ ದುಡ್ಡು ಕೊಟ್ಟು ಸಮ ಮಾಡ್ಕೊಳ್ಳೋದು ಇದರ ಒಳಗುಟ್ಟು. ಗಿಡ ನೆಡೋದು ಕೆಟ್ಟದ್ದಲ್ಲ, ಆದ್ರೆ ಸೀಲು ಮಾಡುವಾಗ ಬಂದ ಹೊಗೆ ಬಂದೇ ಇರತ್ತೆ. ಯುರೋಪಿಯನ್ ಯೂನಿಯನ್ 2024/825 ಅನ್ನೋ ನಿರ್ದೇಶನ ತಂದು, ಹೀಗೆ ದುಡ್ಡು ಕೊಟ್ಟು ಸಮ ಮಾಡಿದ್ದನ್ನ ನೆಚ್ಕೊಂಡು ವಸ್ತುವನ್ನ ನ್ಯೂಟ್ರಲ್ ಅಂತ ಕರೆಯೋದನ್ನ 2026ರ ಸೆಪ್ಟೆಂಬರ್ 27ರಿಂದ ನಿಷೇಧಿಸಿದೆ. ಪುರಾವೆ ಇಲ್ಲದ "ಇಕೋ ಫ್ರೆಂಡ್ಲಿ" ಅನ್ನೋ ಬೀಸು ಮಾತಿಗೂ ಅದೇ ಕತ್ತರಿ.

ಈಗ ಇಂಕಿನ ವಿಷಯ, ಇಲ್ಲಿ ನನ್ನದೇ ಎಡವಟ್ಟು. ಪ್ಯಾಡ್ ಒಣಗಿದ ಎಂಟು ಸೀಲಿಗೆ ಜೀವ ಕೊಡ್ತೀನಿ ಅಂತ ಹುಮ್ಮಸ್ಸಲ್ಲಿ ಸ್ಟೋರಲ್ಲಿದ್ದ ನೀಲಿ ಸ್ಟಾಂಪ್ ಇಂಕ್ ಬಾಟ್ಲಿ ತಂದು ಮೂರು ಪ್ಯಾಡಿಗೆ ಸುರಿದೆ. ಒತ್ತಿದ್ರೆ ಅಕ್ಷರದ ಅಂಚೆಲ್ಲ ಹರಡಿಕೊಂಡಿತ್ತು, ಮಧ್ಯದಲ್ಲಿ ಖಾಲಿ ಖಾಲಿ, ಮಾರನೇ ದಿನ ಬೆರಳಾಡಿಸಿದ್ರೂ ಕೈಗೆ ಬಣ್ಣ. ಬಾಟ್ಲಿ ತಿರುಗಿಸಿ ಸಣ್ಣ ಅಕ್ಷರ ಓದಿದ್ರೆ ಅದು ಎಣ್ಣೆ ಇಂಕು, ಪ್ಯಾಡೇ ಇಲ್ಲದ, ರಬ್ಬರಿನೊಳಗೇ ಇಂಕು ತುಂಬಿರೋ ಪ್ರೀ ಇಂಕ್ಡ್ ಸೀಲಿಗೆ ಹಾಕೋದು. ಸೆಲ್ಫ್ ಇಂಕಿಂಗ್ ಪ್ಯಾಡಲ್ಲಿ ಸಾಮಾನ್ಯವಾಗಿ ಇರೋದು ನೀರು, ಗ್ಲಿಸರಿನ್, ಬಣ್ಣ. ಎಣ್ಣೆ ನೀರು ಸೇರಲ್ಲ ಅಂತ ಗೊತ್ತಿಲ್ಲದವರು ಯಾರು, ಆದ್ರೂ ಮಾಡ್ದೆ. ಎಣ್ಣೆಗೆ ರಬ್ಬರ್ ಉಬ್ಬೋದೂ ಉಂಟು. ಪರಿಸರ ಉಳಿಸೋಕೆ ಹೋಗಿ ಮೂರು ಪ್ಯಾಡು ಕಸದ ಬುಟ್ಟಿಗೆ. ಮೇಡಂ ಏನೂ ಅನ್ನಲಿಲ್ಲ, ನಕ್ಕಿದ್ದು ಮಾತ್ರ ಕೇಳಿಸ್ತು.

ಆಮೇಲೆ ಇಂಕನ್ನ ಸೀರಿಯಸ್ಸಾಗಿ ತಗೊಂಡೆ. "ನಾನ್ ಟಾಕ್ಸಿಕ್" ಅಂತ ಬಾಟ್ಲಿ ಮೇಲೆ ಬರೆದಿದ್ದು ನೋಡೋ ಬದಲು ಅದರ ಸೇಫ್ಟಿ ಡೇಟಾ ಶೀಟ್ ಕೇಳಿದೆ. ಒಟ್ಟು 16 ವಿಭಾಗ ಇರತ್ತೆ, ನಮ್ಮಂಥವರಿಗೆ 2 ಮತ್ತು 3 ಸಾಕು, 2ರಲ್ಲಿ ಏನು ಅಪಾಯ, 3ರಲ್ಲಿ ಏನೇನು ಕಲಸಿದ್ದಾರೆ. ನೀರಿನ ಇಂಕಿಗೆ ಇನ್ನೊಂದು ತೊಂದರೆ ಇದೆ. ಬಣ್ಣ ನೀರಲ್ಲಿ ಕರಗೋ ಜಾತಿಯದ್ದಾದ್ರೆ ಒಂದು ಹನಿ ಬಿದ್ರೂ ಸೀಲು ಅಳಿಸಿ ಹೋಗತ್ತೆ, ಪುಡಿಯಾಗಿ ತೇಲೋ ಪಿಗ್ಮೆಂಟ್ ಆದ್ರೆ ತಡ್ಕೊಳ್ಳತ್ತೆ. ಎರಡೂ ತರಿಸಿ ಹಾಳೆ ಮೇಲೆ ಒತ್ತಿ, ಒಂದು ದಿನ ಬಿಟ್ಟು, ಮೇಲೆ ನೀರು ಹನಿಸಿ ನೋಡಿದ್ವಿ. ಒಂದು ನೀಲಿ ಕೊಳ ಆಯ್ತು, ಇನ್ನೊಂದು ಅಲ್ಲಾಡಲಿಲ್ಲ. ವರ್ಷಗಟ್ಟಲೆ ಇಡೋ ಕಾಗದಕ್ಕೆ ಪಿಗ್ಮೆಂಟು, ಟಪಾಲಿಗೆ ಮಾಮೂಲಿದು ಅಂತ ಬೇರೆ ಮಾಡಿದ್ವಿ. ನುಣುಪು ಕಾಗದಕ್ಕೆ ನೀರಿನ ಇಂಕು ಹಿಡಿಯಲ್ಲ, ಅಂಥ ಕಾಗದಕ್ಕೆ ಸೀಲು ಹಾಕೋದನ್ನೇ ಬಿಟ್ವಿ.

ಕೊನೆಗೆ 32ರ ಲಿಸ್ಟನ್ನೇ ಮತ್ತೆ ಹಿಡ್ಕೊಂಡು ಕೂತ್ವಿ. "ಎಂಟ್ರಿ ಆಗಿದೆ", "ಪರಿಶೀಲಿಸಿದೆ" ಅಂಥವು 7, ಸಾಫ್ಟ್‌ವೇರೇ ಈಗ ಅದನ್ನ ಪ್ರಿಂಟ್ ಮಾಡತ್ತೆ, ಯಾರೂ ಬಳಸ್ತಿರಲಿಲ್ಲ. ಅಕ್ಕಪಕ್ಕದ ಟೇಬಲ್ಲಿನವರು ತಲಾ ಒಂದು ಕೇಳಿದ್ದು 6, ಹಂಚ್ಕೊಳ್ಳಿ ಅಂದ್ವಿ, ಇಲ್ಲಿ ಸ್ವಲ್ಪ ಜಗಳ ಆಯ್ತು. ಉಳಿದಿದ್ದು 19. ಅದರಲ್ಲಿ ಆಫೀಸರ್ ಸೀಲಿಂದ ಹೆಸರು ತೆಗೆದು ಹುದ್ದೆ ಮಾತ್ರ ಇಟ್ವಿ, ಹೆಸರು ಸಹಿ ಕೆಳಗೆ ಬರೆದ್ರಾಯ್ತು. ಮುಖ್ಯ ಸೀಲಿಂದ ಅಡ್ರೆಸ್ಸೂ ಫೋನೂ ತೆಗೆದ್ವಿ, ಲೆಟರ್‌ಹೆಡ್ಡಲ್ಲಿ ಹೇಗೂ ಇದೆ. ಡ್ರಾಯರಿನ 17ಕ್ಕೂ 9ಕ್ಕೂ ಕಾರಣ ಇವೇ ತಾನೇ.

19ರಲ್ಲಿ 11ಕ್ಕೆ ಅಳತೆ ಹೊಂದೋ ಹಳೇ ಮೈಗಳು ಡ್ರಾಯರಲ್ಲೇ ಸಿಕ್ವು, ಹೊಸ ರಬ್ಬರ್ ಮಾತ್ರ ಮಾಡಿಸಿ ಬೇಕಾದಲ್ಲಿ ಹೊಸ ಪ್ಯಾಡ್ ಹಾಕಿದ್ವಿ. ರಬ್ಬರ್ ಅಂಟಿಸೋ ಮುಂಚೆ ಹಳೇ ಗಮ್ಮು ಪೂರ್ತಿ ಕೆರೀಬೇಕು, ಒಂದನ್ನ ಸರಿಯಾಗಿ ಕೆರೆಯದೆ ಅಂಟಿಸಿ ಎರಡೇ ದಿನಕ್ಕೆ ಅಕ್ಷರ ಪ್ಯಾಡಿಗೇ ಅಂಟ್ಕೊಂಡು ಬಂತು. 6 ಹೊಸದಾಗಿ ಕಪ್ಪು ರೀಸೈಕಲ್ಡ್ ಮಾಡೆಲ್ಲು. ಮಿಕ್ಕ 2 ಮರದ ಹಿಡಿದು! ತಿಂಗಳಿಗೆ ಒಂದೋ ಎರಡೋ ಸಲ ಒತ್ತೋ ಸೀಲಿಗೆ ಸ್ಪ್ರಿಂಗ್ ಯಂತ್ರ ಯಾಕೆ, ಮರದ್ದೇ ಸರಿ, ಎಲೆ ಚಿತ್ರ ಇರಲಿ ಬಿಡಲಿ. ಮುರಿದ 4 ಬಿಚ್ಚಿ ಸ್ಪ್ರಿಂಗು ಮುಚ್ಚಳ ಬಿಡಿಭಾಗಕ್ಕೆ ಇಟ್ಕೊಂಡ್ವಿ. ಮೇಡಂ ಈಗ ಪ್ರತಿ ಪ್ಯಾಡಿನ ಬೆನ್ನಿಗೂ ಮಾರ್ಕರಲ್ಲಿ "ನೀ" ಅಂತ ಬರೆದಿಟ್ಟಿದ್ದಾರೆ, ನೀರಿನ ಇಂಕು ಅಂತ, ಇದು ನನಗೋಸ್ಕರ ಅಂತ ಬೇರೆ ಹೇಳ್ಬೇಕಾಗಿಲ್ಲ.

ಫಾರಂ ತುಂಬೋ ದಿನ ಮ್ಯಾನೇಜರ್ ಸರ್ "ಎಲ್ಲ ಗ್ರೀನ್ ಅಂತ ಒಂದೇ ಲೈನ್ ಬರೆದು ಕಳ್ಸಿ" ಅಂದ್ರು. ಇಲ್ಲ ಸರ್, ಆರರ ಪ್ಲಾಸ್ಟಿಕ್ ಮೈಗೆ ಮಾತ್ರ ಹಾಗೆ ಹೇಳ್ಬಹುದು, ಅದನ್ನೇ ಬರೀತೀನಿ ಅಂದೆ. ಬರೆದೆ. ಹಳೇ ಮೈಗೆ ರಬ್ಬರ್ ಬದಲಿಸಿದ 11ಕ್ಕೆ "ಲೇಬಲ್ ಹೆಸರು" ಕಾಲಂನಲ್ಲಿ ಗೆರೆ ಎಳೆದೆ. ಕೊಳ್ಳದೆ ಬಿಟ್ಟ 13ಕ್ಕೆ ಫಾರಮಲ್ಲಿ ಜಾಗವೇ ಇರಲಿಲ್ಲ, ಕೆಳಗೆ ಷರಾದಲ್ಲಿ "13 ಸೀಲು ಅಗತ್ಯವಿಲ್ಲವೆಂದು ಖರೀದಿಸಿಲ್ಲ" ಅಂತ ಸೇರಿಸಿ ಕಳಿಸಿದೆ. ವಾರ ಬಿಟ್ಟು ಫಾರಂ ವಾಪಸ್ ಬಂತು, ಷರಾದ ಸುತ್ತ ಕೆಂಪು ಇಂಕಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಒಂದು ಸೀಲು ಒತ್ತಿದ್ರು: "ಬಿಲ್ ಲಗತ್ತಿಸಿ".